ಏಪ್ರಿಲ್ ಬಿಸಿಲಿನಲ್ಲಿ ಪರೀಕ್ಷಿಸಿ ಕೊಂಡ ಜೂಮ್ ಲೆನ್ಸ್

ಅಗ್ಗಕ್ಕೆ ಸಿಗುತ್ತದೆಂದು 70-300 ಮಿ.ಮೀ. ಜೂಮ್ ಲೆನ್ಸ್ ಕೊಳ್ಳಲು ಹೊರಟಿರುವ ಮಲೆನಾಡಿನ ಹವ್ಯಾಸಿ ಛಾಯಾಗ್ರಾಹಕರು, ಅದರಲ್ಲೂ ಮಳೆಗಾಲದ ಹಕ್ಕಿಗಳ ಮೇಲೆ ಕಣ್ಣಿಟ್ಟವರು, ನನಗಾದದ್ದನ್ನು ಓದಿ ಆಮೇಲೆ ದುಡ್ಡು ಕೊಡುವುದು ಒಳ್ಳೆಯದು.

ಕಳೆದ ಏಪ್ರಿಲ್‌ನಲ್ಲಿ ಶಿವಮೊಗ್ಗದ ಅಂಗಡಿಯೊಂದರಲ್ಲಿ, ಕೈನಡುಕ ತಡೆಯುವ ವ್ಯವಸ್ಥೆಯಿಲ್ಲದ ಅಂಥದೊಂದು ಹಳೆಯ ಲೆನ್ಸನ್ನು ಆರು ಸಾವಿರ ರೂಪಾಯಿಗೆ ಕೊಂಡೆ. "ಹೊರಗೆ ಹೋಗಿ ತೆಗೆದು ನೋಡಿ ಸಾರ್" ಎಂದು ಅಂಗಡಿಯವರೇ ಹೇಳಿದ್ದರು. ನಡುಮಧ್ಯಾಹ್ನದಲ್ಲಿ ಎದುರು ಕಟ್ಟಡದ ಪಾರಿವಾಳವನ್ನು ತೆಗೆದರೆ ಗರಿಗರಿಯೂ ಸ್ಪಷ್ಟವಾಗಿತ್ತು. ಆ ಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 400, ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ; ಎಫ್ ಅಂಕಿ ದೊಡ್ಡದಾದಷ್ಟೂ ಕಿರಿದು) ಎಫ್/8 ಇಟ್ಟರೂ ಶಟರ್ ವೇಗ 1/1600 ಸೆಕೆಂಡ್ ಸಿಗುತ್ತಿದ್ದುದರಿಂದ ಕೈ ನಡುಗಿದರೂ ಚಿತ್ರ ಕೆಡುವಂತಿರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಜುಲೈ ಕೊನೆಯಲ್ಲಿ ತೀರ್ಥಹಳ್ಳಿ ರಸ್ತೆಯ ಮಂಡಗದ್ದೆ ಪಕ್ಷಿಧಾಮಕ್ಕೆ ಹೋದೆ. ತುಂಗೆ ತುಂಬಿ ನಡುಗಡ್ಡೆಯ ಮರಗಳು ನೀರಿನಲ್ಲಿ ನಿಂತಿದ್ದವು. ಕೊಂಬೆಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ಮೋಡ ಕವಿದಿತ್ತು. ಇಂಥ ಲೆನ್ಸನ್ನು 300ಕ್ಕೆ ಎಳೆದಾಗ ಅಪರ್ಚರ್ ಎಫ್/4ರಿಂದ ಎಫ್/5.6ಕ್ಕೆ ಕಿರಿದಾಗಿ, ಒಳಬರುವ ಬೆಳಕು ಅರ್ಧಕ್ಕಿಳಿಯುತ್ತದೆ. ನನ್ನ ಕ್ಯಾಮೆರಾದ ಎಪಿಎಸ್-ಸಿ ಸೆನ್ಸರಿನಲ್ಲಿ (ಫುಲ್-ಫ್ರೇಮ್‌ಗಿಂತ ಚಿಕ್ಕದು) 300 ಎಂಬುದು ಫುಲ್-ಫ್ರೇಮಿನ 450 ಮಿ.ಮೀ.ಗೆ ಸಮವಾದ್ದರಿಂದ, ಕೈಯಲ್ಲಿ ಹಿಡಿದು ತೆಗೆಯಲು 1/450 ಸೆಕೆಂಡಿನಷ್ಟಾದರೂ ವೇಗ ಬೇಕು. ಐಎಸ್‌ಒ 400ರಲ್ಲಿ ಸಿಕ್ಕಿದ್ದು 1/60. ಐಎಸ್‌ಒ 3200ಕ್ಕೆ ಏರಿಸಿದಾಗ ವೇಗವೇನೋ ಬಂತು, ಆದರೆ ಬೆಳ್ಳಕ್ಕಿಯ ಗರಿಗಳೆಲ್ಲ ರವೆ ಚೆಲ್ಲಿದಂತೆ ಕಂಡವು. ಅದರ ಮೇಲೆ, ಆಕಾಶಕ್ಕೆದುರಾದ ಕೊಂಬೆಗಳ ಅಂಚಿಗೆಲ್ಲ ನೇರಳೆ ಗೆರೆ. ಎಫ್/8ಕ್ಕೆ ಇಳಿಸಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ, ನಿಜ. ಆದರೆ ಅದಕ್ಕೆ ಇನ್ನೂ ಅರ್ಧ ಬೆಳಕು ತೆರಬೇಕು, ಇದ್ದರೆ ತಾನೆ ತೆರುವುದು! ಫೋಕಸ್ ಕೂಡ ಮಬ್ಬಿನಲ್ಲಿ ಹಿಂದೆ ಮುಂದೆ ಓಡಾಡುತ್ತ, ಹಕ್ಕಿ ಹಾರಿಹೋದ ಮೇಲೆ ನಿಲ್ಲುತ್ತಿತ್ತು. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಉಳಿಸಿಕೊಂಡದ್ದು ನಾಲ್ಕು.

ಲೆನ್ಸ್ ತೀರಾ ಕಳಪೆಯೆನ್ನಲಾರೆ. ಹಗುರವಾಗಿದೆ, ದಿನವಿಡೀ ಕೊರಳಲ್ಲಿ ಹಾಕಿಕೊಂಡರೂ ಭಾರವಿಲ್ಲ. ಮೇ ತಿಂಗಳಲ್ಲಿ ಸಕ್ರೆಬೈಲಿನ ಆನೆ ಬಿಡಾರದಲ್ಲಿ, ಬೆಳಗಿನ ಬಿಸಿಲಿನಲ್ಲಿ, ಆನೆಗಳ ಸ್ನಾನವನ್ನು 200 ಮಿ.ಮೀ. ದಾಟದೆ ತೆಗೆದ ಚಿತ್ರಗಳನ್ನು ಇಂದಿಗೂ ಹೆಮ್ಮೆಯಿಂದ ತೋರಿಸುತ್ತೇನೆ.

ಎರಡನೆಯ ಪೆಟ್ಟು ಸೆಪ್ಟೆಂಬರಿನಲ್ಲಿ ಬಿತ್ತು. ಟಾರ್ಚ್ ಹಿಡಿದು ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಮಳೆಗಾಲವೆಂದು ಮನೆಯಲ್ಲಿ ಹಪ್ಪಳವನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುತ್ತೇವೆ. ಲೆನ್ಸನ್ನು ನಾನು ತೇವ ಹಿಡಿದಿಡುವ ಚರ್ಮದ ಚೀಲದಲ್ಲಿ, ಕತ್ತಲೆಯ ಬೀರುವಿನಲ್ಲಿಟ್ಟಿದ್ದೆ. ಬೂಷ್ಟು ಮೊದಲೇ ಇತ್ತೆಂದು ನನ್ನ ಗುಮಾನಿ, ನಿಮ್ಮಲ್ಲೇ ಬಂದದ್ದೆಂದು ಅಂಗಡಿಯವರ ವಾದ. ಕೊಳ್ಳುವಾಗ ಟಾರ್ಚ್ ಹಾಕಿ ನೋಡದ ನನಗೆ ಎದುರಾಡಲು ಬಾಯಿರಲಿಲ್ಲ.

ಕೊಳ್ಳಲೇಬೇಕೆಂದರೆ ಸಂಜೆ ಆರರ ಹೊತ್ತಿಗೆ ಅಂಗಡಿಗೆ ಹೋಗಿ, 300ಕ್ಕೆ ಎಳೆದು, ಒಳಗೋಡೆಯ ಕ್ಯಾಲೆಂಡರಿನ ಅಕ್ಷರಗಳನ್ನು ತೆಗೆದು ದೊಡ್ಡದು ಮಾಡಿ ನೋಡಿರಿ. ಅಪರ್ಚರನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬೆಳಕು ಹಾಯಿಸಿರಿ. ಸಾಧ್ಯವಾದರೆ ಕೈನಡುಕ ತಡೆಯುವ ಮಾದರಿಗೇ ಹೆಚ್ಚಿನ ಹಣ ಹಾಕಿರಿ. ಅದು ಗೂಡಿನಲ್ಲಿ ಕೂತ ಹಕ್ಕಿಗೆ ನೆರವಾಗುತ್ತದೆಯೇ ಹೊರತು ರೆಕ್ಕೆ ಬಡಿಯುವ ಹಕ್ಕಿಗಲ್ಲ. ಮನೆಗೆ ತಂದ ದಿನದಿಂದಲೇ ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿರಿ.