ಮೂರೂವರೆ ಸಾವಿರಕ್ಕೆ ‘ಫುಲ್ ಇನ್ಶೂರೆನ್ಸ್’: ಹಾಸನ, ಚಿಕ್ಕಮಗಳೂರು ಕಡೆಯ ಹುಡುಗರು ಹುಷಾರಾಗಿರಿ

‘ಫುಲ್ ಇನ್ಶೂರೆನ್ಸ್, ಮೂರೂವರೆ ಸಾವಿರ, ಹತ್ತು ನಿಮಿಷದಲ್ಲಿ ವಾಟ್ಸಾಪ್‌ಗೆ ಪಿಡಿಎಫ್ ಬರುತ್ತೆ’ ಅಂತ ಯಾರಾದರೂ ಹೇಳಿದರೆ ಕೈಮುಗಿದು ಎದ್ದು ಬನ್ನಿ. ಹಾಸನದ ಇಪ್ಪತ್ತೆರಡರ ಹುಡುಗನೊಬ್ಬ ಹೀಗೆ ಕಟ್ಟಿಸಿದ ಪಾಲಿಸಿ ಏನಾಯಿತು ಅನ್ನುವುದನ್ನು ಬಿಡಿಸಿ ಹೇಳಿದರೆ, ಈ ದಂಧೆ ಎಲ್ಲಿ ಹೇಗೆ ನಡೆಯುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಕೆಎ-13 ನಂಬರಿನ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು, 1,200 ಸಿಸಿ. ಆನ್‌ಲೈನಿನಲ್ಲಿ ನೋಡಿದರೆ ಎಲ್ಲ ಸೇರಿ ಒಂಬತ್ತು ಸಾವಿರದ ಸುತ್ತ ತೋರಿಸುತ್ತಿತ್ತು. ಕಾರು ಕೊಡಿಸಿದವನ ಪರಿಚಯದ ಏಜೆಂಟು ಮೂರೂವರೆ ಸಾವಿರ ಅಂದ. ಯುಪಿಐನಲ್ಲಿ ಏಜೆಂಟಿನ ಸ್ವಂತ ನಂಬರಿಗೆ ದುಡ್ಡು ಹೋಯಿತು, ಪಿಡಿಎಫ್ ಬಂತು. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನೋಡಿದರೆ ಇನ್ಶೂರೆನ್ಸ್ ಚಾಲ್ತಿಯಲ್ಲಿದೆ ಅಂತಲೇ ಇತ್ತು. ಜುಲೈ ಮಳೆಯಲ್ಲಿ ಬೇಲೂರು–ಚಿಕ್ಕಮಗಳೂರು ರಸ್ತೆಯ ತಿರುವಿನಲ್ಲಿ ಕಾರು ಜಾರಿ ಎದುರಿನ ಸ್ಕೂಟರಿಗೆ ಬಡಿಯಿತು. ಸ್ಕೂಟರಿನವರ ಕಾಲು ಮುರಿಯಿತು. ಕಾರಿನ ಬಂಪರ್, ರೇಡಿಯೇಟರ್, ಬಾನೆಟ್, ಒಂದು ಹೆಡ್‌ಲೈಟ್ ಹೋಗಿ ಗ್ಯಾರೇಜಿನ ಎಸ್ಟಿಮೇಟು ಲಕ್ಷ ದಾಟಿತು. ಕ್ಲೇಮಿಗೆ ಫೋನ್ ಮಾಡಿ ಪಾಲಿಸಿ ನಂಬರ್ ಹೇಳಿದರೆ ಆ ಕಡೆಯಿಂದ ಬಂದ ಉತ್ತರ: ‘ಸರ್, ಇದು ಟೂ ವೀಲರ್ ಪಾಲಿಸಿ.’

ಮೋಸದ ಕೈಚಳಕ ಇಷ್ಟೇ. ಕಾರಿನ ನಂಬರನ್ನೇ ಹಾಕಿ, ವಾಹನದ ಬಗೆಯನ್ನು ಮಾತ್ರ ಬೈಕ್ ಅಂತ ತೋರಿಸಿ, ಅಗ್ಗದ ಥರ್ಡ್ ಪಾರ್ಟಿ (ಬೇರೆಯವರಿಗೆ ಆದ ಹಾನಿಗೆ ಮಾತ್ರ ಕೊಡುವ) ಪಾಲಿಸಿ ತೆಗೆಯುತ್ತಾರೆ. 75ರಿಂದ 150 ಸಿಸಿ ಒಳಗಿನ ಬೈಕಿಗೆ ವರ್ಷದ ಥರ್ಡ್ ಪಾರ್ಟಿ ಪ್ರೀಮಿಯಂ 714 ರೂಪಾಯಿ, 18% ಜಿಎಸ್‌ಟಿ ಸೇರಿ 842.52. ಆಮೇಲೆ ಪಿಡಿಎಫ್ ತಿದ್ದಿ ಕಾರಿನ ಹೆಸರು, ಸಿಸಿ, ಓನ್ ಡ್ಯಾಮೇಜ್ (ಸ್ವಂತ ಕಾರಿನ ಹಾನಿ, ಇದೂ ಸೇರಿದರೇ ‘ಫುಲ್’) ಸಾಲು ಎಲ್ಲ ತುಂಬುತ್ತಾರೆ. ಹುಡುಗನಿಂದ 3,500 ತಗೊಂಡು 843 ಕಟ್ಟಿದರೆ ಮಿಕ್ಕಿದ್ದು ಜೇಬಿಗೆ. ನಂಬರ್ ಪ್ಲೇಟ್ ಕಾರಿನದೇ ಆದ್ದರಿಂದ ಸರ್ಕಾರಿ ದಾಖಲೆಯಲ್ಲಿ ‘ಇನ್ಶೂರೆನ್ಸ್ ಇದೆ’ ಅಂತ ಬಂದುಬಿಡುತ್ತದೆ. ಪೊಲೀಸರು ತಡೆದರೂ ಏನೂ ಸಿಗುವುದಿಲ್ಲ. ಗುಟ್ಟು ಬಯಲಾಗುವುದು ಅಪಘಾತದ ದಿನವೇ.

ಆ ಪಿಡಿಎಫನ್ನು ಹತ್ತಿರ ಹಿಡಿದು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ‘1197 ಸಿಸಿ’ ಅನ್ನುವ ಸಾಲಿನ ಅಕ್ಷರ ಉಳಿದ ಅಕ್ಷರಕ್ಕಿಂತ ಒಂದು ಎಳೆ ದಪ್ಪ. ಪ್ರೀಮಿಯಂ ಪಟ್ಟಿಯಲ್ಲಿ ಥರ್ಡ್ ಪಾರ್ಟಿ ಎದುರಿಗೆ 3,416 ಅಂತ ತಿದ್ದಿದ್ದಾರೆ, ಆದರೆ ಕೆಳಗಿನ ಜಿಎಸ್‌ಟಿ ಸಾಲಿನಲ್ಲಿ 128.52 ಹಾಗೇ ಕೂತಿದೆ. 3,416ಕ್ಕೆ 18% ಅಂದರೆ 614.88 ಆಗಬೇಕು, 128.52 ಅನ್ನುವುದು 714ರ 18%. ಕ್ಯೂಆರ್ ಕೋಡ್ ಮಾತ್ರ ಅಸಲಿ, ಅದನ್ನು ತಿದ್ದಲು ಬಂದಿಲ್ಲ. ಮೊಬೈಲ್ ಹಿಡಿದರೆ ಟೂ ವೀಲರ್ ಪಾಲಿಸಿಯ ವಿವರ ತೆರೆದುಕೊಳ್ಳುತ್ತದೆ. ಏಳು ತಿಂಗಳು ಯಾರೂ ಅದಕ್ಕೆ ಮೊಬೈಲ್ ಹಿಡಿದಿರಲಿಲ್ಲ.

ಹಾಗಾದರೆ ಕನಿಷ್ಠ ಎಷ್ಟಾಗಲೇಬೇಕು? ಇದೊಂದು ಲೆಕ್ಕ ಬಾಯಿಪಾಠ ಇದ್ದರೆ ಸಾಕು. ಕಾರಿನ ಥರ್ಡ್ ಪಾರ್ಟಿ ದರ ಕಂಪನಿ ಕಟ್ಟುವ ಬೆಲೆಯಲ್ಲ, ಸರ್ಕಾರ ನಿಗದಿ ಮಾಡುವುದು. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1,000 ಸಿಸಿವರೆಗೆ 2,094, 1,000ದಿಂದ 1,500 ಸಿಸಿವರೆಗೆ 3,416, ಅದಕ್ಕೂ ಮೇಲೆ 7,897 ರೂಪಾಯಿ. 18% ಜಿಎಸ್‌ಟಿ ಸೇರಿದರೆ ಕ್ರಮವಾಗಿ ಸುಮಾರು 2,471, 4,031 ಮತ್ತು 9,318. ಇದರಲ್ಲಿ ಯಾವ ಏಜೆಂಟೂ, ಯಾವ ಕಂಪನಿಯೂ ಡಿಸ್ಕೌಂಟ್ ಕೊಡುವ ಹಾಗಿಲ್ಲ. ಅಂದಮೇಲೆ 1,200 ಸಿಸಿ ಕಾರಿಗೆ ಬರೀ ಥರ್ಡ್ ಪಾರ್ಟಿಯೇ ನಾಲ್ಕು ಸಾವಿರ ಆಗುವಾಗ ಮೂರೂವರೆಗೆ ‘ಫುಲ್’ ಎಲ್ಲಿಂದ ಬರಬೇಕು? ದರ ಪರಿಷ್ಕರಣೆಯಾದರೆ ಅಂಕಿ ಬದಲಾಗುತ್ತದೆ, ಲೆಕ್ಕದ ದಾರಿ ಅದೇ.

ವಯಸ್ಸು ಚಿಕ್ಕದು ಅಂತ ಥರ್ಡ್ ಪಾರ್ಟಿ ದರ ಒಂದು ರೂಪಾಯಿಯೂ ಏರುವುದಿಲ್ಲ. ಹುಡುಗರಿಗೆ ಭಾರ ಬೀಳುವುದು ಓನ್ ಡ್ಯಾಮೇಜ್ ಭಾಗದಲ್ಲಿ, ಅದೂ ಮುಖ್ಯವಾಗಿ ನೋ ಕ್ಲೇಮ್ ಬೋನಸ್ (ಎನ್‌ಸಿಬಿ, ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಇಲ್ಲದ್ದರಿಂದ. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20%, ಆಮೇಲೆ 25, 35, 45, ಐದನೆಯದಕ್ಕೆ 50%. ಇಲ್ಲೇ ಎರಡನೇ ಗುಂಡಿ ಇರುವುದು. ಹಳೇ ಓನರ್‌ಗೆ 50% ಇತ್ತು, ಅದೇ ನಿಮಗೂ ಹಾಕಿ ಕೊಡ್ತೀನಿ ಅಂತಾರೆ. ಎನ್‌ಸಿಬಿ ಕಾರಿನ ಜೊತೆ ಬರುವುದಲ್ಲ, ಮನುಷ್ಯನ ಜೊತೆ ಹೋಗುವುದು. ಮಾರಿದವರು ಅದನ್ನು ತಮ್ಮ ಮುಂದಿನ ಕಾರಿಗೆ ಮೂರು ವರ್ಷದೊಳಗೆ ಬಳಸಿಕೊಳ್ಳಬಹುದು, ನಿಮ್ಮದು ಶುರುವಾಗುವುದು ಸೊನ್ನೆಯಿಂದ. ಬೈಕಿನ ಎನ್‌ಸಿಬಿ ಕಾರಿಗೆ ಬರುವುದಿಲ್ಲ. ಅಪ್ಪನದೂ ಅಪ್ಪ ಬದುಕಿರುವಾಗ ಮಗನಿಗೆ ಬರುವುದಿಲ್ಲ. ಕಂಪನಿಗಳು ಹಳೇ ಕ್ಲೇಮಿನ ವಿವರ ತಾಳೆ ನೋಡುತ್ತವೆ. ಸುಳ್ಳು ಡಿಕ್ಲರೇಷನ್ ಅಂತಾದರೆ ಓನ್ ಡ್ಯಾಮೇಜ್ ಪೂರ್ತಿ ಕೈತಪ್ಪುತ್ತದೆ. ಸಹಿ ಯಾರದು? ಏಜೆಂಟಿನದಲ್ಲ, ನಿಮ್ಮದು.

ಸೆಕೆಂಡ್ ಹ್ಯಾಂಡ್ ತಗೊಂಡವರು ಇನ್ನೊಂದು ನೋಡಬೇಕು. ಕಾರು ಮಾರಾಟವಾದಾಗ ಹಳೇ ಪಾಲಿಸಿಯ ಥರ್ಡ್ ಪಾರ್ಟಿ ಭಾಗ ಕಾನೂನಿನ ಪ್ರಕಾರ ನಿಮ್ಮ ಹೆಸರಿಗೆ ಬಂದ ಹಾಗೆಯೇ, ಓನ್ ಡ್ಯಾಮೇಜ್ ಭಾಗ ಹಾಗಲ್ಲ. 14 ದಿನದೊಳಗೆ ಕಂಪನಿಗೆ ಬರೆದುಕೊಟ್ಟು ಹೆಸರು ಬದಲಾಯಿಸಬೇಕು, ಹಳಬರ ಎನ್‌ಸಿಬಿ ವ್ಯತ್ಯಾಸದ ಹಣ ಕಟ್ಟಬೇಕು. ಆರ್‌ಸಿ ನಿಮ್ಮ ಹೆಸರಲ್ಲಿ, ಪಾಲಿಸಿ ಇನ್ನೊಬ್ಬರ ಹೆಸರಲ್ಲಿ ಇದ್ದರೆ ಬಾನೆಟ್ ಪುಡಿಯಾದರೂ ನಯಾಪೈಸೆ ಬರುವುದಿಲ್ಲ. ಫಾರಂ 29, 30 (ಮಾಲೀಕರ ಹೆಸರು ಬದಲಿಸುವ ಅರ್ಜಿ) ಸಹಿ ಹಾಕಿಸಿಕೊಂಡು, ಆರ್‌ಟಿಒಗೆ ಕೊಡದೆ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡು ತಿರುಗುವವರು ನಮ್ಮಲ್ಲಿ ಬೇಕಾದಷ್ಟು. ಮಾರಿದವರಿಗೂ ಇದು ಅಪಾಯ, ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಪಾಲಿಸಿ ಅಸಲಿಯೇ ಅಂತ ನೋಡಲು ಐದು ನಿಮಿಷ ಸಾಕು. ಕ್ಯೂಆರ್ ಸ್ಕ್ಯಾನ್ ಮಾಡಿ. ಸ್ಕ್ಯಾನ್ ಆಗದಷ್ಟು ಮಸುಕಾಗಿದ್ದರೆ ಅದೇ ಅನುಮಾನಕ್ಕೆ ಸಾಕು. ಆಮೇಲೆ ಏಜೆಂಟ್ ಕಳಿಸಿದ ಲಿಂಕ್ ಬಿಟ್ಟು ನೀವೇ ಕಂಪನಿಯ ವೆಬ್‌ಸೈಟ್ ತೆರೆದು ಪಾಲಿಸಿ ನಂಬರ್ ಹಾಕಿ ಹೊಸದಾಗಿ ಡೌನ್‌ಲೋಡ್ ಮಾಡಿ. ಎರಡೂ ಪಿಡಿಎಫ್ ಪಕ್ಕಪಕ್ಕ ಇಟ್ಟು ವಾಹನದ ಬಗೆ, ಎಂಜಿನ್ ನಂಬರ್, ಚಾಸಿಸ್ ನಂಬರ್, ಐಡಿವಿ (ವಿಮೆಗಾಗಿ ಕಾರಿಗೆ ಕಟ್ಟಿದ ಬೆಲೆ), ಎನ್‌ಸಿಬಿ, ಜಿಎಸ್‌ಟಿ ಓದಿ. ಎಂಪರಿವಾಹನ್ ತೋರಿಸುವುದನ್ನೇ ನಂಬಬೇಡಿ, ಪಾಲಿಸಿ ಫುಲ್ಲೋ ಥರ್ಡ್ ಪಾರ್ಟಿಯೋ ಅಂತ ಅದು ಹೇಳುವುದಿಲ್ಲ. ದುಡ್ಡು ಕಂಪನಿಯ ಪೇಮೆಂಟ್ ಲಿಂಕಿಗೇ ಹೋಗಬೇಕು. ಪ್ರೀಮಿಯಂ ಕಂಪನಿಗೆ ಸೇರದೆ ರಿಸ್ಕ್ ಶುರುವಾಗುವುದಿಲ್ಲ ಅನ್ನುವುದು 1938ರ ವಿಮಾ ಕಾಯ್ದೆಯ 64ವಿಬಿ ಕಲಮು. ಏಜೆಂಟಿನ ಗೂಗಲ್ ಪೇಗೆ ಹಾಕಿದ್ದು ಏಜೆಂಟಿಗೆ ಹಾಕಿದ್ದು.

ಅಸಲಿ ಪಾಲಿಸಿಯಲ್ಲೂ ಒಂದು ಸಣ್ಣ ಕತ್ತರಿ ಇರುತ್ತದೆ. ಬೇರೆಯವರ ಆಸ್ತಿಗೆ ಆದ ಹಾನಿಗೆ ಕಾರಿನ ಪಾಲಿಸಿಯಲ್ಲಿ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ ರಕ್ಷಣೆ ಇದೆ. ಅದನ್ನು 6,000ಕ್ಕೆ ಇಳಿಸಿದರೆ ಪ್ರೀಮಿಯಂನಲ್ಲಿ 100 ರೂಪಾಯಿ ಕಡಿಮೆ. ಕಾಫಿ ತೋಟದ ಗೇಟು ಮುರಿದರೆ ಆರು ಸಾವಿರ ಎಲ್ಲಿಗೆ ಸಾಲುತ್ತದೆ? ಈ ಕತ್ತರಿಯ ಗುರುತು ‘ಐಎಂಟಿ 20’, ಪಾಲಿಸಿಯಲ್ಲಿ ಕಂಡರೆ ತೆಗೆಸಿ.

ಚಿಕ್ಕಮಗಳೂರು, ಮೂಡಿಗೆರೆ ಕಡೆ ಹುಡುಗರು ಕಂತು, ಇನ್ಶೂರೆನ್ಸ್ ದುಡ್ಡು ಹೊಂದಿಸಲು ವೀಕೆಂಡ್‌ನಲ್ಲಿ ವೈಟ್ ಬೋರ್ಡ್ ಕಾರಿನಲ್ಲೇ ಹೋಂಸ್ಟೇ ಗೆಸ್ಟ್‌ಗಳನ್ನು ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಕರೆದೊಯ್ಯುತ್ತಾರೆ. ಖಾಸಗಿ ಕಾರಿನ ಪಾಲಿಸಿಯಲ್ಲಿ ಬಾಡಿಗೆ ಬಳಕೆ ಹೊರಗೆ. ಅಪಘಾತವಾದಾಗ ಹಿಂದಿನ ಸೀಟಿನವರು ‘ಬಾಡಿಗೆ ಕೊಟ್ಟು ಬಂದಿದ್ವಿ’ ಅಂತ ಹೇಳಿಕೆ ಕೊಟ್ಟರೆ ಕ್ಲೇಮು ಅಲ್ಲಿಗೇ ನಿಂತಿತು. ಎಲ್‌ಎಲ್‌ಆರ್ ಇರುವವರು ಪಕ್ಕದಲ್ಲಿ ಡಿಎಲ್ ಇರುವವರಿಲ್ಲದೆ, ಎಲ್ ಬೋರ್ಡ್ ಇಲ್ಲದೆ ಓಡಿಸಿದರೂ ಅದೇ ಗತಿ. ಮಳೆಗಾಲದಲ್ಲಿ ಹಳ್ಳದ ನೀರು ಎಂಜಿನ್‌ಗೆ ಹೋಗಿ ಕಾರು ಆಫ್ ಆದರೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿನಲ್ಲಿ ನೀರಿದ್ದಾಗ ಕ್ರ್ಯಾಂಕ್ ತಿರುಗಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಪ್ರೊಟೆಕ್ಟ್ ಅನ್ನುವ ಹೆಚ್ಚುವರಿ ಕವರ್ (ಆ್ಯಡ್ ಆನ್) ಇಲ್ಲದ ಪಾಲಿಸಿ ಅದಕ್ಕೆ ಕೊಡುವುದಿಲ್ಲ. ಟೋಯಿಂಗ್ ಕರೆಸಿ.

ಕಾರನ್ನು ಅಪ್ಪನ ಹೆಸರಲ್ಲಿ ತಗೊಳ್ಳುವುದರಲ್ಲಿ ತಪ್ಪೇನಿಲ್ಲ. ಡಿಎಲ್ ಇರುವ ಮಗ ಓಡಿಸಿದರೂ ಪಾಲಿಸಿ ನಡೆಯುತ್ತದೆ. ಆದರೆ ಒಂದು ಕಡೆ ತೂತು ಇದೆ, ಅದನ್ನು ಯಾವ ಏಜೆಂಟೂ ಹೇಳುವುದಿಲ್ಲ. 15 ಲಕ್ಷದ ಓನರ್ ಡ್ರೈವರ್ ಪರ್ಸನಲ್ ಆ್ಯಕ್ಸಿಡೆಂಟ್ ಕವರ್ ಇರುವುದು ಆರ್‌ಸಿ ಮಾಲೀಕರಿಗೆ ಮಾತ್ರ. ಮಗನೇ ಓಡಿಸುತ್ತಾ ಮರಕ್ಕೆ ಗುದ್ದಿ ಅವನಿಗೇ ಏನಾದರೂ ಆದರೆ ಅದು ಅವನಿಗೆ ಅನ್ವಯಿಸುವುದಿಲ್ಲ. ಮಾಲೀಕರಿಂದ ಕಾರು ಪಡೆದು ಓಡಿಸಿದವರು ಮಾಲೀಕರ ಜಾಗದಲ್ಲೇ ನಿಂತ ಹಾಗೆ, ಥರ್ಡ್ ಪಾರ್ಟಿ ಅಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಓಡಿಸುವವರ ಹೆಸರಲ್ಲೇ ಪ್ರತ್ಯೇಕ ಅಪಘಾತ ವಿಮೆ ಇರಲಿ. ಬೈಕೂ ಕಾರೂ ಎರಡೂ ನಿಮ್ಮ ಹೆಸರಲ್ಲೇ ಇದ್ದರೆ ಈ 15 ಲಕ್ಷದ ಕವರ್ ಒಂದು ಕಡೆ ಇದ್ದರೆ ಸಾಕು, ಎರಡು ಸಲ ಕಟ್ಟಬೇಕಿಲ್ಲ. ಇದು ನೆಟ್ಟಗಿನ ಉಳಿತಾಯ.

ಉಳಿದ ಉಳಿತಾಯವೆಲ್ಲ ಓನ್ ಡ್ಯಾಮೇಜ್‌ನಲ್ಲೇ. ಅದರ ದರ ಕಂಪನಿಯಿಂದ ಕಂಪನಿಗೆ ಬೇರೆ, ಒಂದೇ ಐಡಿವಿ ಇಟ್ಟು ಮೂರ್ನಾಲ್ಕು ಕಡೆ ಕೇಳಿ. ಐಡಿವಿ ಇಳಿಸಿ ಅಗ್ಗ ಮಾಡಿ ತೋರಿಸುವುದು ಹಳೇ ಆಟ, ಕಾರು ಕಳುವಾದರೆ ಸಿಗುವುದು ಅಷ್ಟೇ. ವಾಲಂಟರಿ ಡಿಡಕ್ಟಿಬಲ್ (ಕ್ಲೇಮಿನಲ್ಲಿ ನಾವೇ ಭರಿಸುತ್ತೇವೆ ಅಂತ ಒಪ್ಪುವ ಮೊತ್ತ) 5,000 ತಗೊಂಡರೆ ಹಳೇ ಟ್ಯಾರಿಫ್ (ದರಪಟ್ಟಿ) ಪ್ರಕಾರ ಓನ್ ಡ್ಯಾಮೇಜ್‌ನಲ್ಲಿ 25%, ಹೆಚ್ಚೆಂದರೆ 1,500 ರೂಪಾಯಿ ಇಳಿಯುತ್ತದೆ. ಆದರೆ 1,500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೇಮಿಗೆ ಕಡ್ಡಾಯದ 1,000 ಸೇರಿ 6,000 ನಿಮ್ಮ ಕೈಯಿಂದ. ಬಂಪರ್ ಗೀರಿಗೆ ಕ್ಲೇಮ್ ಮಾಡಬೇಡಿ: ಝೀರೋ ಡೆಪ್ (ಸವಕಳಿ ಕಳೆಯದೆ ಕೊಡುವ ಆ್ಯಡ್ ಆನ್) ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಕ್ಕೆ ಅರ್ಧವೇ ಸಿಗುವುದು, ಮೇಲೆ ಎನ್‌ಸಿಬಿ ಸೊನ್ನೆ. ಪಾಲಿಸಿ ಮುಗಿದು 90 ದಿನ ದಾಟಿದರೂ ಎನ್‌ಸಿಬಿ ಹೋಗುತ್ತದೆ. ಹತ್ತು ಹನ್ನೆರಡು ವರ್ಷದ ಕಾರಿಗೆ, ಐಡಿವಿ ಲಕ್ಷದೊಳಗಿದ್ದರೆ, ಬರೀ ಥರ್ಡ್ ಪಾರ್ಟಿ ಕಟ್ಟುವುದೂ ಬುದ್ಧಿವಂತಿಕೆಯೇ. ನಾಚಿಕೆಯೇನಿಲ್ಲ.

ಆ ಹುಡುಗನ ಮೇಲೆ ಈಗ ಎರಡು ಹೊರೆ. ಕಾರಿನ ರಿಪೇರಿ ಪೂರ್ತಿ ಅವನದೇ. ಕಾಲು ಮುರಿದವರು ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಿದ್ದಾರೆ. ಅಲ್ಲಿ ಕಂಪನಿ ‘ಈ ಕಾರಿಗೆ ನಾವು ಪಾಲಿಸಿ ಕೊಟ್ಟೇ ಇಲ್ಲ’ ಅನ್ನುತ್ತಿದೆ. ಕಂಪನಿಯ ಆ ವಾದ ಗೆದ್ದರೆ ಆಸ್ಪತ್ರೆ ಖರ್ಚು, ದುಡಿಮೆ ನಷ್ಟ, ಮುಂದಿನ ಅಂಗವೈಕಲ್ಯ ಎಲ್ಲ ಸೇರಿ ಆಗುವ ಪರಿಹಾರ ಮಾಲೀಕನೇ ತುಂಬಬೇಕು. ಇನ್ಶೂರೆನ್ಸ್ ಇಲ್ಲದ್ದಕ್ಕೆ ಕಾರಿಗೆ ಬೀಳುವ 2,000 ದಂಡ ಇದರ ಮುಂದೆ ಯಾವ ಲೆಕ್ಕ?

ನಿಮ್ಮ ಪಾಲಿಸಿಯೂ ಹೀಗೇ ಇದೆ ಅಂತ ಗೊತ್ತಾದರೆ ಮೊದಲು ಕಾರು ನಿಲ್ಲಿಸಿ. ಪಿಡಿಎಫ್, ಯುಪಿಐ ರಸೀದಿ, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ. ಕಂಪನಿಗೆ ಇಮೇಲ್ ಮಾಡಿ ‘ಈ ನಂಬರಿನ ಪಾಲಿಸಿ ಯಾವ ವಾಹನಕ್ಕೆ ಕೊಟ್ಟಿದ್ದೀರಿ’ ಅಂತ ಬರಹದಲ್ಲಿ ಕೇಳಿ, ಆ ಉತ್ತರವೇ ಪೊಲೀಸ್ ದೂರಿನ ಬೆನ್ನೆಲುಬು. ದುಡ್ಡು ಈಗಷ್ಟೇ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಂಪನಿಯೇ ಸ್ಪಂದಿಸದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ (ವಿಮಾ ನಿಯಂತ್ರಕರ ದೂರು ವ್ಯವಸ್ಥೆ), ಫೋನ್ 155255. ಅವತ್ತೇ ಹೊಸ ಪಾಲಿಸಿ ತಗೊಳ್ಳಿ. ಅದರಲ್ಲಿ ಅವಧಿ ಶುರುವಾಗುವ ದಿನ, ಗಂಟೆ, ನಿಮಿಷ ಅಚ್ಚಾಗಿರುತ್ತದೆ, ಅಲ್ಲಿಯವರೆಗೆ ಕಾರು ಶೆಡ್ಡಿನಲ್ಲೇ ಇರಲಿ.