ಹಳೇ ಕ್ಯಾಂಪರ್ ವ್ಯಾನಿಗೆ ರಸ್ಟ್ ಕನ್ವರ್ಟರ್: ಎಲ್ಲಿ ಹಿಡಿಯುತ್ತೆ, ಎಲ್ಲಿ ಹಿಡಿಯಲ್ಲ

ಚಿಕ್ಕಮಗಳೂರಿನ ಮಳೆಯಲ್ಲಿ ನಿಲ್ಲುವ ಹಳೇ ಓಮ್ನಿ, ಟೆಂಪೋ ಟ್ರಾವೆಲರ್ ಕ್ಯಾಂಪರ್‌ಗಳಿಗೆ ಟ್ಯಾನಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ (ತುಕ್ಕನ್ನು ಗಟ್ಟಿ ಕಪ್ಪು ಪದರವಾಗಿ ಬದಲಿಸುವ ದ್ರಾವಣ) ನಿಜಕ್ಕೂ ಒಳ್ಳೇ ಸಾಮಾನು. ಆದರೆ ಮೇಲ್ಮೇಲಿನ ತುಕ್ಕಿಗೆ ಮಾತ್ರ. ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿದಾಗ ತಗಡು ಒಳಗೆ ಹೋದರೆ ಬಾಟಲಿ ಪಕ್ಕಕ್ಕಿಡಿ. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, 20 ಗೇಜ್ ಶೀಟ್ ವೆಲ್ಡ್ ಮಾಡಿಸಲೇಬೇಕು. ಒಂದೇ ಸಲಕ್ಕೆ ಉದ್ದಕ್ಕೂ ವೆಲ್ಡ್ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತೆ; ದೂರ ದೂರ ಚುಕ್ಕೆ ಹಾಕಿಸಿ, ಆಮೇಲೆ ಸಂದು ತುಂಬಿಸಿ.

ಹಚ್ಚುವ ಮುಂಚೆ ಪದರವಾಗಿ ಏಳುವ ತುಕ್ಕನ್ನು ವೈರ್ ಬ್ರಷ್‌ನಿಂದ ಉದುರಿಸಿ, ಜಿಡ್ಡು ಒರೆಸಿ. ಫಳಫಳ ಹೊಳೆಯುವಷ್ಟು ಉಜ್ಜಬೇಡಿ: ಇದು ಹಿಡಿಯುವುದು ತುಕ್ಕನ್ನು, ಬರೀ ಕಬ್ಬಿಣವನ್ನಲ್ಲ. ಬೇಕಾದಷ್ಟನ್ನೇ ಬಟ್ಟಲಿಗೆ ಸುರಿದುಕೊಳ್ಳಿ. ಬ್ರಷ್ಷನ್ನು ಬಾಟಲಿಗೇ ಅದ್ದಿದರೆ ತುಕ್ಕಿನ ಪುಡಿ ಸೇರಿ ಉಳಿದದ್ದೂ ಕೆಡುತ್ತೆ. ತೆಳ್ಳಗೆ ಎರಡು ಕೋಟ್ ಸಾಕು. ಕಂದು ಬಣ್ಣ ಕಪ್ಪು-ನೀಲಿಗೆ ತಿರುಗಿತೆಂದರೆ ಹಿಡಿದಿದೆ.

ಜುಲೈ ತೇವದಲ್ಲಿ ಇದು ಸರಿಯಾಗಿ ಒಣಗಲ್ಲ, ಜನವರಿ-ಫೆಬ್ರವರಿ ಬಿಸಿಲಲ್ಲಿ ಮಾಡಿ. 24 ಗಂಟೆ ಬಿಟ್ಟು ಎಪಾಕ್ಸಿ ಪ್ರೈಮರ್, ಅದರ ಮೇಲೆ ಪುಟ್ಟಿ, ಪೇಂಟ್. ಬಾಗಿಲ ಕೆಳಗಿನ ಟೊಳ್ಳು ಪಟ್ಟಿಯನ್ನು (ಸಿಲ್) ತುಕ್ಕು ಒಳಗಿನಿಂದಲೇ ತಿನ್ನುತ್ತಾ ಬರುತ್ತೆ. ಅಲ್ಲಿಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳಿನ ಒಳಗೆ ಸಿಂಪಡಿಸುವ ಮೇಣ) ಹೊಡೆಸಿ, ನೀರು ಇಳಿಯುವ ತೂತುಗಳು ಮುಚ್ಚಿಹೋಗಿದ್ದರೆ ತಂತಿ ಹಾಕಿ ಬಿಡಿಸಿ.