ಕೃಷಿ ಭಾಗ್ಯದ ಹೊಂಡ: ಅರ್ಜಿ ಸಲೀಸು, ಅಳತೆಯಲ್ಲೇ ಎಡವಟ್ಟು

ರೇಟಿಂಗ್: 5ಕ್ಕೆ 3.5

ಹೊಲದಲ್ಲಿ ಮಳೆನೀರು ಹಿಡಿದಿಡುವ ಹೊಂಡಕ್ಕೆ ರಾಜ್ಯ ಸರ್ಕಾರ ಸಹಾಯಧನ ಕೊಡುವ ಕೃಷಿ ಭಾಗ್ಯ ಯೋಜನೆಯ ಕಾಗದಪತ್ರದ ಕೆಲಸ ದೊಡ್ಡದಲ್ಲ. ಎಫ್‌ಐಡಿ (ರೈತರ ಗುರುತಿನ ಸಂಖ್ಯೆ), ಪಹಣಿ, ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋದರಾಯಿತು. ಹೊಂಡ ತೋಡಲು ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟರಿಗೆ ಶೇ 90. ಕಾರ್ಯಾದೇಶ ಕೈಗೆ ಬರುವ ಮೊದಲು ಜೆಸಿಬಿ ಮಾತ್ರ ಇಳಿಸಬೇಡಿ.

ಎಡವಟ್ಟಾಗುವುದು ಅಳತೆಯಲ್ಲಿ. 15×15×3 ಮೀಟರ್ ಹೊಂಡ ಎಂದರೆ 675 ಘನ ಮೀಟರ್ ಎಂದೇ ಹಲವರ ಲೆಕ್ಕ. ಆದರೆ ಪ್ರತಿ ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಇಳಿಜಾರು ಬಿಟ್ಟರೆ ತಳ 6×6ಕ್ಕೆ ಇಳಿಯುತ್ತದೆ, ನೀರು 351 ಘನ ಮೀಟರ್, ಅಂದರೆ ಮೂರೂವರೆ ಲಕ್ಷ ಲೀಟರ್. ಎಕರೆಗೆ ಒಂದು ಇಂಚು ನೀರಿಗೆ ಒಂದು ಲಕ್ಷ ಲೀಟರ್ ಚಿಲ್ಲರೆ ಬೇಕು. ಆವಿ ಕಳೆದರೆ ತೊಗರಿ ಹೂವಾಡುವಾಗ ಮೂರು ಎಕರೆಗೆ ಒಂದಿಂಚಿನಂತೆ ಒಂದೇ ಸಲ ನೀರು.

ಜಾಸ್ತಿ ನೀರಿನಾಸೆಗೆ ಗೋಡೆ ನೆಟ್ಟಗೆ ಕಡಿಸಿದರೋ, ಕಲಬುರಗಿಯ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮೊದಲ ಮಳೆಗೇ ಕುಸಿಯುತ್ತದೆ. ತೋಡಿದ ಮಣ್ಣನ್ನು ಅಂಚಿಗೇ ಸುರಿದರೂ ಅದೇ ಗತಿ. ಒಂದು ಮೀಟರಾದರೂ ದೂರ ಹಾಕಿಸಿ. ನೀರು ಒಳಬರುವ ಬಾಯಿಗೆ 2×2×1 ಮೀಟರಿನ ಹೂಳುಗುಂಡಿ ಬೇಕೇ ಬೇಕು. ಡ್ರೈವರ್‌ಗಳು ಬಿಟ್ಟುಬಿಡುವುದು ಇದನ್ನೇ, ಕೇಳಿದರೆ "ಆಮ್ಯಾಗ ಮಾಡೂಣ್ರಿ" ಅಂತಾರೆ.

ಬೀದರ್, ಹುಮನಾಬಾದ್ ಕಡೆಯ ಜಂಬಿಟ್ಟಿಗೆ ನೆಲದಲ್ಲಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಹಾಸದೆ ನೀರು ನಿಲ್ಲದು. ಹಾಸುವ ಮುನ್ನ ಚೂಪು ಕಲ್ಲು ಆರಿಸಿ, ಅಂಚನ್ನು ಕಾಲುವೆ ತೋಡಿ ಹೂತಿಡಬೇಕು.

ತಂತಿಬೇಲಿ ಪ್ಯಾಕೇಜಿನಲ್ಲೇ ಇದೆ, ಬಿಡಬೇಡಿ. ಒದ್ದೆ ಹಾಳೆ ಮೇಲೆ ಕಾಲಿಟ್ಟವರು ಹತ್ತಿ ಬರುವುದು ಕಷ್ಟ.